ಮೈಯಳತೆಯ ಸೈಕಲ್ಲು

(ಬಾನುಲಿ ಭಾಷಣ)

ಅಂಗಿ ಹೊಲಿಸಬೇಕಾದರೆ ದರ್ಜಿ ನಮ್ಮ ಅಳತೆ ತೆಗೆದುಕೊಳ್ಳುತ್ತಾನೆ. ಚಪ್ಪಲಿ ಕೊಳ್ಳಬೇಕಾದರೆ ಅಂಗಡಿಯವನು ನಮ್ಮ ಪಾದವನ್ನು ನೋಡುತ್ತಾನೆ. ಬಳೆ ತೊಡಿಸುವವಳಂತೂ ಕೈಯನ್ನು ಒಮ್ಮೆ ಹಿಡಿದು ನೋಡಿದೊಡನೆಯೇ ಯಾವ ಗಾತ್ರದ ಬಳೆ ಎಂಬುದನ್ನು ಹೇಳಿಬಿಡುತ್ತಾಳೆ. ಸೈಕಲ್ಲಿನ ವಿಷಯದಲ್ಲಿ ಮಾತ್ರ ಲೋಕದ ರೀತಿ ಬೇರೆ. ಅಲ್ಲಿ ವಾಹನ ಮೊದಲೇ ಸಿದ್ಧವಾಗಿ ನಿಂತಿರುತ್ತದೆ. ಅದಕ್ಕೆ ಒಗ್ಗಿಕೊಳ್ಳಬೇಕಾದವರು ನಾವು. ಎತ್ತರದ ಆಳಾದರೆ ಸೀಟನ್ನು ಏರಿಸುತ್ತಾರೆ, ಗಿಡ್ಡ ಆಳಾದರೆ ಇಳಿಸುತ್ತಾರೆ. ಅಳತೆಯ ಶಾಸ್ತ್ರ ಅಲ್ಲಿಗೆ ಮುಗಿಯಿತು.

ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಗಿಡ್ಡ ಮೈಕಟ್ಟಿನವರು, ಅಂದರೆ ಐದು ಅಡಿಯ ಆಚೀಚೆ ಇರುವವರು, ತಮ್ಮ ಹಳೆಯ ಓಟದ ಸೈಕಲ್ಲಿಗೆ ಬದಲಾಗಿ ಹೊಸದೊಂದನ್ನು ಆರಿಸಿಕೊಳ್ಳುವ ವಿಚಾರವಾಗಿ. ಓಟದ ಸೈಕಲ್ಲು ಎಂದರೆ ಬಾಗಿದ ಹ್ಯಾಂಡಲ್ಲಿನ, ತೆಳು ಚಕ್ರದ, ಗೇರಿರುವ ಸೈಕಲ್ಲು. ಅಂಗಡಿಗಳಲ್ಲಿ ಇದಕ್ಕೆ ರೋಡ್ ಬೈಕ್ ಎಂಬ ಹೆಸರಿದೆ. ಆದರೆ ನಮ್ಮ ಊರುಗಳಲ್ಲಿ ಬೈಕ್ ಎಂದೊಡನೆ ಮೋಟಾರು ಸೈಕಲ್ಲಿನ ಸದ್ದು ಕಿವಿಗೆ ಬರುವುದರಿಂದ, ನಾನು ಸೈಕಲ್ಲೆಂದೇ ಕರೆಯುತ್ತೇನೆ.

ವಿಷಯ ಅಲ್ಪವೆಂದು ತೋರಬಹುದು. ಆದರೆ ಮನುಷ್ಯನ ಮೈಗೂ ಯಂತ್ರಕ್ಕೂ ನಡುವಣ ಈ ಜಗಳಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಸರಪಳಿಯ ಸೈಕಲ್ಲು ಬರುವುದಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಓಡುತ್ತಿದ್ದುದು ಮುಂದೆ ಆಳೆತ್ತರದ ಚಕ್ರ, ಹಿಂದೆ ಗೇಣಗಲದ ಚಕ್ರ ಇದ್ದ ವಾಹನ. ಪೆಡಲುಗಳು ಮುಂದಿನ ಚಕ್ರದ ಗುಂಬಕ್ಕೇ ನೇರವಾಗಿ ಜೋಡಣೆಯಾಗಿದ್ದವು. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಹೋಗುವ ದೂರ ಹೆಚ್ಚು. ಆದರೆ ಕಾಲು ಪೆಡಲಿಗೆ ಎಟುಕಬೇಕಲ್ಲ? ಹೀಗಾಗಿ ಸವಾರನ ಕಾಲಿನ ಉದ್ದವೇ ಚಕ್ರದ ಗಾತ್ರವನ್ನೂ, ಚಕ್ರದ ಗಾತ್ರವೇ ವೇಗವನ್ನೂ ಗೊತ್ತುಮಾಡುತ್ತಿತ್ತು. ನೀಳಗಾಲಿನವನು ಹುಟ್ಟಿನಿಂದಲೇ ವೇಗಿ. ಗಿಡ್ಡನು ಹುಟ್ಟಿನಿಂದಲೇ ಹಿಂದುಳಿದವನು. ೧೮೮೫ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಕವೆಂಟ್ರಿ ನಗರದಲ್ಲಿ ರೋವರ್ ಎಂಬ ಸೈಕಲ್ಲನ್ನು ಹೊರತಂದ. ಪೆಡಲು ನಡುವಿಗೆ ಬಂದಿತು, ಸರಪಳಿ ಹಿಂದಿನ ಚಕ್ರಕ್ಕೆ ಹೋಯಿತು, ಹಲ್ಲುಚಕ್ರಗಳ ಲೆಕ್ಕದಿಂದ ವೇಗ ಬಂದಿತು. ಕಾಲಿನ ಉದ್ದಕ್ಕೂ ಚಕ್ರದ ಗಾತ್ರಕ್ಕೂ ಇದ್ದ ಗಂಟು ಅಂದು ಬಿಚ್ಚಿತು. ಚಿಕ್ಕ ಚಕ್ರದ ಮೇಲೆ ಕುಳಿತು ದೊಡ್ಡ ಚಕ್ರದವನ ಜೊತೆಗೆ ಓಡಲು ಸಾಧ್ಯವಾಯಿತು.

ಇಷ್ಟು ದೊಡ್ಡ ಬಿಡುಗಡೆ ದೊರೆತ ಮೇಲೆ ನಾವು ಮಾಡಿದ್ದೇನು? ಎಲ್ಲರಿಗೂ ಒಂದೇ ಗಾತ್ರದ ಚಕ್ರವನ್ನು ಗೊತ್ತುಮಾಡಿ, ಬಿಚ್ಚಿದ ಗಂಟನ್ನು ಬೇರೊಂದು ಬಗೆಯಲ್ಲಿ ಮತ್ತೆ ಹಾಕಿದೆವು. ಇಂದು ಓಟದ ಸೈಕಲ್ಲುಗಳ ಚಕ್ರಕ್ಕೆ ೭೦೦ ಸಿ ಎಂಬ ಹೆಸರಿದೆ. ಟಯರು ಕೂಡುವ ಜಾಗದಲ್ಲಿ ಅದರ ರಿಮ್ಮಿನ ಅಡ್ಡಳತೆ ೬೨೨ ಮಿಲಿಮೀಟರ್. ಆರಡಿಯ ಆಳಿಗೂ ಅದೇ, ನಾಲ್ಕು ಅಡಿ ಹನ್ನೊಂದು ಅಂಗುಲದ ಹುಡುಗಿಗೂ ಅದೇ.

ನಮ್ಮ ದೇಶದಲ್ಲಂತೂ ಯಂತ್ರಕ್ಕೆ ಮೈಯನ್ನು ಬಗ್ಗಿಸುವುದು ಒಂದು ವಿದ್ಯೆಯೇ ಆಗಿತ್ತು. ನಡುಗಂಬಿಯ ಮೇಲೆ ಕಾಲು ಹಾಕಲಾರದ ಹುಡುಗರು ಕಂಬಿಯ ಕೆಳಗಿನಿಂದ ಕಾಲು ತೂರಿಸಿ, ಮೈಯನ್ನು ಒಂದು ಕಡೆಗೆ ಸೊಟ್ಟಗೆ ಮಾಡಿಕೊಂಡು, ಒಳಪೆಡಲು ಹೊಡೆಯುತ್ತಿದ್ದುದನ್ನು ನಮ್ಮಲ್ಲಿ ಎಷ್ಟೋ ಮಂದಿ ಮಾಡಿಯೇ ಇದ್ದೇವೆ. ಅದರಲ್ಲಿ ಒಂದು ಸೊಗಸಿತ್ತು, ಇಲ್ಲವೆನ್ನಲಾರೆ. ಆದರೆ ಅದೇ ಸೊಟ್ಟಮೈಯಲ್ಲಿ ಇನ್ನೂರು ಕಿಲೋಮೀಟರು ಹೋಗಿ ಬಾ ಎಂದರೆ ಯಾರಿಂದ ಆದೀತು? ಇನ್ನು ‘ಲೇಡೀಸ್ ಸೈಕಲ್’ ಎಂಬುದು ಬಂದಿತಲ್ಲ, ಅದು ಪರಿಹರಿಸಿದ್ದು ಸೀರೆ ಲಂಗಗಳ ತೊಡಕನ್ನು. ನಡುಗಂಬಿಯನ್ನು ಬಗ್ಗಿಸಿದರೇ ಹೊರತು, ಉಳಿದ ಅಳತೆಗಳಲ್ಲಿ ಗಿಡ್ಡ ಮೈಯನ್ನು ಯಾರೂ ನೆನೆಯಲಿಲ್ಲ.

ಹಳೆಯ ಸೈಕಲ್ಲನ್ನು ಬದಲಿಸಿದ ಹೆಣ್ಣುಮಗಳೊಬ್ಬಳ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಆನಿ ಲಂಡನ್‌ಡೆರಿ ಎಂಬ ಹೆಸರನ್ನು ಇಟ್ಟುಕೊಂಡು ಭೂಮಂಡಲ ಸುತ್ತಲು ಹೊರಟ ಆನಿ ಕೊಪ್ಚೊವ್‌ಸ್ಕಿ ಮೂರು ಮಕ್ಕಳ ತಾಯಿ, ಸಣ್ಣ ಮೈಕಟ್ಟಿನವಳು. ೧೮೯೪ರ ಜೂನ್ ತಿಂಗಳಲ್ಲಿ ಬಾಸ್ಟನ್ನಿನಿಂದ ಹೊರಟಾಗ ಆಕೆಯ ಕೈಯಲ್ಲಿದ್ದುದು ೪೨ ಪೌಂಡು ತೂಕದ ಹೆಂಗಸರ ಸೈಕಲ್ಲು. ಸೆಪ್ಟೆಂಬರಿನಲ್ಲಿ ಷಿಕಾಗೋ ತಲಪುವ ಹೊತ್ತಿಗೆ ಸುಸ್ತಾಗಿ, ಹಿಂದಿರುಗಿಬಿಡುವ ಯೋಚನೆ ಬಂದಿತ್ತು. ಅಲ್ಲಿ ಅದನ್ನು ಬಿಟ್ಟು ೨೧ ಪೌಂಡಿನ, ಗಂಡಸರ ಸ್ಟರ್ಲಿಂಗ್ ಸೈಕಲ್ಲನ್ನು ಹಿಡಿದಳು. ಉದ್ದ ಲಂಗವನ್ನು ಬಿಟ್ಟು ಸಡಿಲ ಚಲ್ಲಣ ತೊಟ್ಟಳು. ಮರುವರ್ಷ ಸೆಪ್ಟೆಂಬರಿನಲ್ಲಿ ಪ್ರವಾಸ ಮುಗಿಸಿ ಷಿಕಾಗೋಗೆ ಬಂದಳು. ಅರ್ಧಕ್ಕರ್ಧ ತೂಕ ಇಳಿದದ್ದು ಯಾರಿಗಾದರೂ ಲಾಭವೇ. ಚಿಕ್ಕ ಮೈಯವರಿಗೆ ಅದು ಇನ್ನೂ ದೊಡ್ಡ ಲಾಭ. ಎಂಬತ್ತು ಕಿಲೋ ತೂಗುವವನಿಗೆ ಒಂಬತ್ತು ಕಿಲೋ ಸೈಕಲ್ಲು ತನ್ನ ತೂಕದ ಒಂಬತ್ತನೆಯ ಒಂದು ಭಾಗ. ನಲವತ್ತೈದು ಕಿಲೋ ತೂಗುವವಳಿಗೆ ಐದನೆಯ ಒಂದು ಭಾಗ. ಬೆಟ್ಟ ಹತ್ತುವಾಗ ಈ ಲೆಕ್ಕ ತೊಡೆಗಳಿಗೆ ಚೆನ್ನಾಗಿ ತಿಳಿಯುತ್ತದೆ.

ಈ ವಿಷಯದ ಬಗೆಗೆ ನಾನು ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ನನ್ನ ತಂಗಿಯ ಮಗಳು. ಮೈಸೂರಿನಲ್ಲಿದ್ದಾಳೆ, ಕೆಲಸದಲ್ಲಿದ್ದಾಳೆ, ಭಾನುವಾರಗಳಲ್ಲಿ ನಂಜನಗೂಡಿಗೋ ಹುಣಸೂರಿಗೋ ಸೈಕಲ್ ಸವಾರಿ. ದೂರಸವಾರಿಯಲ್ಲಿ ಬ್ರೆವೆ ಎಂಬ ಒಂದು ಪದ್ಧತಿಯಿದೆ, ಫ್ರಾನ್ಸಿನಿಂದ ಬಂದದ್ದು. ೨೦೦ ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಅದನ್ನು ಮುಗಿಸಬೇಕೆಂಬುದು ಅವಳ ಆಸೆ. ಎರಡು ಸಲ ಹೊರಟಳು. ಎರಡು ಸಲವೂ ನೂರು ನೂರಹತ್ತರ ಹೊತ್ತಿಗೆ ಕಿರುಬೆರಳು ಉಂಗುರಬೆರಳುಗಳು ಮರಗಟ್ಟಿ, ಕುತ್ತಿಗೆ ಹಿಡಿದುಕೊಂಡು ನಿಂತುಬಿಟ್ಟಳು. ಸೈಕಲ್ಲು ಕೊಟ್ಟ ಅಂಗಡಿಯವರು “ಅಭ್ಯಾಸವಾದರೆ ಸರಿಹೋಗುತ್ತೆ, ಮೇಡಂ” ಎಂದರು. ವೈದ್ಯರೊಬ್ಬರು ಸೈಕಲ್ಲು ಬಿಡುವುದೇ ಮದ್ದು ಎಂದರು. ತನ್ನ ಮೈಯೇ ಇದಕ್ಕೆ ತಕ್ಕದ್ದಲ್ಲ ಎಂದು ಅವಳೂ ನಂಬತೊಡಗಿದ್ದಳು. ಅಷ್ಟರಲ್ಲಿ ಆ ಸೈಕಲ್ಲಿನ ಅಲ್ಯೂಮಿನಿಯಮ್ ಫ್ರೇಮು ಪೆಡಲಿನ ಬುಡದ ಬೆಸುಗೆಯ ಬಳಿ ಬಿರುಕು ಬಿಟ್ಟಿತು. ಉಕ್ಕಾಗಿದ್ದರೆ ಬೆಸೆಯಬಹುದಿತ್ತು, ಇದನ್ನು ಬೆಸೆದು ನಂಬುವಂತಿಲ್ಲ. ಹೊಸದು ಬೇಕಾಯಿತು.

“ಮಾವ, ಇದೇ ಅಳತೆಯದನ್ನೇ ತೆಗೆದುಕೊಂಡುಬಿಡುತ್ತೇನೆ. ಹೇಗೂ ಅಭ್ಯಾಸವಾಗಿದೆ” ಎಂದಳು.

ಬದಲಿ ಸೈಕಲ್ಲು ಕೊಳ್ಳುವವರ ದೊಡ್ಡ ಅಪಾಯ ಇದೇ. ಹೊಸದಾಗಿ ಕೊಳ್ಳುವವನು ಕೊಂಚವಾದರೂ ಅನುಮಾನಿಸುತ್ತಾನೆ; ಬದಲಿಗೆ ಕೊಳ್ಳುವವನು ಹಳೆಯ ತೊಂದರೆಯನ್ನು ಅಭ್ಯಾಸವೆಂದು ಕರೆದು ಮತ್ತೊಮ್ಮೆ ಹಣ ಕೊಟ್ಟು ತರುತ್ತಾನೆ. ಹಾಗೆಂದು ಹಳೆಯ ಸೈಕಲ್ಲನ್ನು ಅಲಕ್ಷಿಸುವಂತೆಯೂ ಇಲ್ಲ. ಅದು ಒಂದು ದಾಖಲೆ. ಗುಜರಿಗೆ ಹಾಕುವ ಮುನ್ನ ಅದನ್ನು ಶಾಸನವನ್ನು ಓದುವಂತೆ ಓದಬೇಕು. ನಾವಿಬ್ಬರೂ ಅದನ್ನು ಗೋಡೆಗೆ ಒರಗಿಸಿ ನೋಡಿದೆವು. ಸೀಟು ತನ್ನ ಹಳಿಗಳ ಮೇಲೆ ಎಷ್ಟು ಮುಂದಕ್ಕೆ ಬರಬಹುದೋ ಅಷ್ಟೂ ಮುಂದಕ್ಕೆ ಬಂದಿತ್ತು. ಹ್ಯಾಂಡಲ್ಲಿಗೆ ಸುತ್ತಿದ ಟೇಪು ನಡುವೆ, ಸ್ಟೆಮ್ಮಿನ ಎರಡು ಪಕ್ಕಗಳಲ್ಲಿ, ಬೆವರಿನಿಂದ ಕಪ್ಪಾಗಿ ಸವೆದುಹೋಗಿತ್ತು. ಮುಂದೆ ಬ್ರೇಕಿನ ಹಿಡಿಗಳ ಬಳಿ, ಎಲ್ಲಿ ಕೈಗಳು ಇರಬೇಕಾಗಿತ್ತೋ ಅಲ್ಲಿ, ಅಂಗಡಿಯಿಂದ ತಂದ ದಿನದಂತೆ ಬೆಳ್ಳಗಿತ್ತು. ನಾಲ್ಕು ವರ್ಷ ಅವಳ ಕೈ ಅಲ್ಲಿಗೆ ನೆಮ್ಮದಿಯಾಗಿ ತಲಪಿಯೇ ಇರಲಿಲ್ಲ. ತಲಪಲೆಂದು ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದಳು. ಸೀಟು ಮುಂದೆ ಬಂದುದರಿಂದ ಮೈಯ ಭಾರ ಕಾಲುಗಳ ಮೇಲಿಂದ ಜಾರಿ ಅಂಗೈಗಳ ಮೇಲೆ ಬಿದ್ದಿತ್ತು. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಹಾದುಹೋಗುವ ನರ ಒತ್ತಿಹೋಗುತ್ತಿತ್ತು. ಮರಗಟ್ಟಿದ ಬೆರಳುಗಳ ಕಥೆ ಇಷ್ಟೇ.

ಎಂದರೆ, ಗಿಡ್ಡ ಸವಾರರ ಮುಖ್ಯ ತೊಂದರೆ ಎತ್ತರದ್ದಲ್ಲ, ದೂರದ್ದು. ಎತ್ತರವನ್ನು ಸೀಟು ಇಳಿಸಿ ಸರಿಮಾಡಬಹುದು. ಸೀಟಿನಿಂದ ಹ್ಯಾಂಡಲ್ಲಿಗೆ ಇರುವ ದೂರ ಫ್ರೇಮಿನಲ್ಲೇ ಅಚ್ಚಾಗಿರುತ್ತದೆ.

ಇಲ್ಲಿ ತಯಾರಕರ ಒಂದು ಜಾಣತನವನ್ನು ಕೇಳುಗರು ತಿಳಿದಿರಬೇಕು. ಫ್ರೇಮನ್ನು ಚಿಕ್ಕದು ಮಾಡುತ್ತ ಹೋದರೆ ಮುಂದಿನ ಚಕ್ರ ಪೆಡಲಿಗೆ ಹತ್ತಿರವಾಗುತ್ತದೆ. ಚಕ್ರ ಮಾತ್ರ ಚಿಕ್ಕದಾಗುವುದಿಲ್ಲ. ಟಯರು ಸೇರಿ ಅದರ ಅಡ್ಡಳತೆ ೬೭ ಸೆಂಟಿಮೀಟರಿನಷ್ಟು. ಒಂದು ಹಂತದಲ್ಲಿ, ನಿಧಾನವಾಗಿ ತಿರುಗುವಾಗ ಸವಾರನ ಕಾಲಬೆರಳು ಚಕ್ರಕ್ಕೆ ತಗಲುತ್ತದೆ. ಅದನ್ನು ತಪ್ಪಿಸಲು ಮುಂದಿನ ಫೋರ್ಕನ್ನು ಹೆಚ್ಚು ಓರೆಮಾಡಿ ಚಕ್ರವನ್ನು ಮುಂದಕ್ಕೆ ದೂಡುತ್ತಾರೆ. ಹೀಗೆ ಮುಂಭಾಗ ಮುಂದಕ್ಕೆ ಹೋದ ಮೇಲೆ ನಡುಗಂಬಿ ಗಿಡ್ಡದೆಂದು ಪಟ್ಟಿಯಲ್ಲಿ ಬರೆಯುವುದು ಹೇಗೆ? ಸೀಟಿನ ಕಂಬವನ್ನು ಹೆಚ್ಚು ನೆಟ್ಟಗೆ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ೭೩ ಡಿಗ್ರಿ ಇರಬೇಕಾದ ಕೋನ ೭೫ಕ್ಕೆ ಏರುತ್ತದೆ. ಸೀಟು ಮುಂದೆ ಬಂದಿತು. ಕಾಗದದ ಮೇಲೆ ಕಂಬಿ ಗಿಡ್ಡವಾಯಿತು. ಆದರೆ ತೊಡೆಯ ಉದ್ದಕ್ಕೆ ಸರಿಯಾಗಿ ಕುಳಿತುಕೊಳ್ಳಲು ಸವಾರ ಸೀಟನ್ನು ಮತ್ತೆ ಹಿಂದಕ್ಕೆ ತಳ್ಳಲೇಬೇಕು. ಅವಳ ಸೀಟಿನ ಎತ್ತರಕ್ಕೆ, ಎಂದರೆ ಪೆಡಲಿನ ಅಚ್ಚಿನಿಂದ ಅರವತ್ತು ಸೆಂಟಿಮೀಟರಿಗೆ, ಒಂದು ಡಿಗ್ರಿ ಎಂದರೆ ಸುಮಾರು ಒಂದು ಸೆಂಟಿಮೀಟರು. ಪಟ್ಟಿಯಲ್ಲಿ ಗಳಿಸಿದ ಎರಡು ಸೆಂಟಿಮೀಟರು ಕುಳಿತೊಡನೆಯೇ ಕಳೆದುಹೋಯಿತು.

ಆದ್ದರಿಂದ ೪೪, ೪೭, ೫೦ ಎಂಬ ಫ್ರೇಮಿನ ಸಂಖ್ಯೆಗಳನ್ನು ನಂಬಬೇಡಿ. ಅತಿ ಚಿಕ್ಕದು, ಬಹಳ ಚಿಕ್ಕದು ಎಂಬ ಇಂಗ್ಲಿಷ್ ಅಕ್ಷರಗಳನ್ನಂತೂ ನಂಬಲೇಬೇಡಿ. ಕೇಳಬೇಕಾದ ಅಳತೆಗಳು ಎರಡು. ಒಂದಕ್ಕೆ ರೀಚ್ ಎನ್ನುತ್ತಾರೆ: ಪೆಡಲಿನ ಅಚ್ಚಿನ ನಡುವಿನಿಂದ ಒಂದು ತೂಗುಗುಂಡಿನ ದಾರವನ್ನು ನೇರ ಮೇಲಕ್ಕೆ ಎಳೆದಂತೆ ಭಾವಿಸಿ, ಆ ದಾರದಿಂದ ಹ್ಯಾಂಡಲ್ ಕೂಡುವ ಕೊಳವೆಯ ನೆತ್ತಿಗೆ ಅಡ್ಡಲಾಗಿ ಇರುವ ದೂರ. ಇನ್ನೊಂದು ಸ್ಟ್ಯಾಕ್: ಅದೇ ಅಚ್ಚಿನಿಂದ ಆ ನೆತ್ತಿಗೆ ಇರುವ ಎತ್ತರ. ಸೀಟಿನ ಕಂಬವನ್ನು ಹೇಗೆ ವಾಲಿಸಿದರೂ ಈ ಎರಡು ಅಳತೆಗಳು ಸುಳ್ಳು ಹೇಳುವುದಿಲ್ಲ. ಒಳ್ಳೆಯ ತಯಾರಕರು ಇವನ್ನು ಪಟ್ಟಿಯಲ್ಲಿ ಕೊಡುತ್ತಾರೆ. ಕೆಲವು ಪಟ್ಟಿಗಳಲ್ಲಿ ಕೊನೆಯ ಎರಡು ಮೂರು ಗಾತ್ರಗಳ ರೀಚ್ ಒಂದೆರಡು ಮಿಲಿಮೀಟರುಗಳಷ್ಟೇ ಬೇರೆಯಾಗಿರುವುದನ್ನು ಕಂಡಾಗ, ಚಿಕ್ಕದೆಂಬ ಹೆಸರಿನಲ್ಲಿ ಮಾರುತ್ತಿರುವುದು ಏನನ್ನು ಎಂದು ಕೇಳಬೇಕೆನಿಸುತ್ತದೆ.

ನಮ್ಮ ಮೈಯ ಅಳತೆಯೂ ಬೇಕಲ್ಲ. ಬರಿಗಾಲಿನಲ್ಲಿ ಗೋಡೆಗೆ ಬೆನ್ನುಕೊಟ್ಟು ನಿಂತು, ತೊಡೆಗಳ ಸಂದಿಗೆ ಒಂದು ದಪ್ಪ ಪುಸ್ತಕವನ್ನು ಒತ್ತಿ ಹಿಡಿದು, ಅದರ ಬೆನ್ನಿನ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಬೇಕು. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಒದಗಿದ್ದು ಕಿಟ್ಟೆಲರ ನಿಘಂಟು. ಆನಿ ಲಂಡನ್‌ಡೆರಿ ಬಾಸ್ಟನ್ನಿನಿಂದ ಹೊರಟ ವರ್ಷವೇ, ೧೮೯೪ರಲ್ಲಿ, ಮಂಗಳೂರಿನಲ್ಲಿ ಅಚ್ಚಾದ ಆ ಮಹಾಗ್ರಂಥಕ್ಕೆ ಇಂಥ ಉಪಯೋಗವೂ ಉಂಟೆಂದು ಆ ಪಾದ್ರಿಗಳಿಗೆ ತೋಚಿರಲಾರದು. ಅಳತೆ ೬೮ ಸೆಂಟಿಮೀಟರು ಬಂದಿತು.

ಇನ್ನು ಚಕ್ರದ ಪ್ರಶ್ನೆ. ನ್ಯಾಯವಾಗಿ ನೋಡಿದರೆ ಚಿಕ್ಕ ಫ್ರೇಮಿಗೆ ಚಿಕ್ಕ ಚಕ್ರವೇ ಸಲ್ಲಬೇಕು. ಯಂತ್ರಶಾಸ್ತ್ರ ಓದಿದ ಜಾರ್ಜೀನಾ ಟೆರ್ರಿ ಎಂಬಾಕೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ೧೯೮೫ರಲ್ಲಿ ಸೈಕಲ್ ಸಂಸ್ಥೆಯೊಂದನ್ನು ಆರಂಭಿಸಿ, ಹೆಂಗಸರಿಗಾಗಿ ಹಿಂದೆ ದೊಡ್ಡ ಚಕ್ರ, ಮುಂದೆ ೨೪ ಅಂಗುಲದ ಚಿಕ್ಕ ಚಕ್ರ ಇರುವ ಸೈಕಲ್ಲುಗಳನ್ನು ಮಾಡಿದಳು. ಮುಂದಿನ ಚಕ್ರ ಚಿಕ್ಕದಾದೊಡನೆ ಕಾಲಬೆರಳಿನ ತೊಡಕು ತಪ್ಪಿತು, ಹ್ಯಾಂಡಲ್ ನಿಜವಾಗಿಯೂ ಹತ್ತಿರ ಬಂದಿತು. ನೋಡುವವರು ನಕ್ಕಿರಬಹುದು, ಸವಾರಿ ಮಾಡಿದವರು ನಗಲಿಲ್ಲ. ಒಂದೇ ತೊಡಕು, ಪಂಕ್ಚರಿಗೆಂದು ಎರಡು ಗಾತ್ರದ ಟ್ಯೂಬು ಹೊತ್ತುಕೊಂಡು ಹೋಗಬೇಕು.

ಎರಡೂ ಚಕ್ರಗಳು ಚಿಕ್ಕದಾಗಿರುವ ಬಗೆಯೂ ಉಂಟು. ೬೫೦ ಸಿ ಎಂಬುದರ ರಿಮ್ಮು ೫೭೧ ಮಿಲಿಮೀಟರು. ೬೫೦ ಬಿ ಎಂಬುದರದು ೫೮೪. ಚಿಕ್ಕ ಚಕ್ರ ನಿಧಾನವೆಂಬ ಭಯ ಬೇಡ. ೫೭೧ರ ಚಕ್ರದ ಒಂದು ಸುತ್ತು ದೊಡ್ಡದರ ಸುತ್ತಿಗಿಂತ ನೂರಕ್ಕೆ ಎಂಟರಷ್ಟು ಕಡಿಮೆ ದೂರ ಹೋಗುತ್ತದೆ. ಅದನ್ನು ಹಲ್ಲುಚಕ್ರದಲ್ಲಿ ತುಂಬಿಕೊಳ್ಳಬಹುದು. ಸ್ಟಾರ್ಲಿ ಕಲಿಸಿದ್ದು ಅದನ್ನೇ ಅಲ್ಲವೇ? ಬೆಟ್ಟ ಹತ್ತುವವರಿಗಂತೂ ಆ ಎಂಟು ಭಾಗ ಬಿಟ್ಟಿ ಸಿಕ್ಕ ಹಗುರ ಗೇರು. ನಿಜವಾದ ತೊಡಕು ಟಯರು ಸಿಗುವುದು. ೫೭೧ರ ಟಯರುಗಳ ಆಯ್ಕೆ ಈಚೆಗೆ ಕುಗ್ಗಿದೆ. ‘ಇಪ್ಪತ್ತಾರು ಅಂಗುಲ’ ಎಂದು ಕೇಳಿದರೆ ಅಂಗಡಿಯವನು ೫೫೯ರದನ್ನೂ ಕೊಟ್ಟಾನು, ೫೯೦ರದನ್ನೂ ಕೊಟ್ಟಾನು. ಮೂರೂ ಇಪ್ಪತ್ತಾರು ಅಂಗುಲವೇ, ಒಂದಕ್ಕೊಂದು ಕೂಡುವುದಿಲ್ಲ. ನಮ್ಮ ಹಳೆಯ ಕರಿಸೈಕಲ್ಲಿನ ‘ಇಪ್ಪತ್ತೆಂಟು’ ೬೩೫. ಅದೂ ೬೨೨ರ ಚಕ್ರಕ್ಕೆ ಬಾರದು. ಟಯರಿನ ಪಕ್ಕದಲ್ಲಿ ಅಚ್ಚೊತ್ತಿರುವ ಮಿಲಿಮೀಟರಿನ ಸಂಖ್ಯೆಯನ್ನು ಮಾತ್ರ ಓದಬೇಕು. ೬೫೦ ಬಿ ಕೊಳ್ಳುವವರು ಮತ್ತೊಂದು ಎಚ್ಚರ ವಹಿಸಬೇಕು. ಅದಕ್ಕೆ ೪೭ ಮಿಲಿಮೀಟರಿನ ದಪ್ಪ ಟಯರು ಹಾಕಿದರೆ ಹೊರ ಅಡ್ಡಳತೆ ೬೭೮ ಆಗುತ್ತದೆ. ೬೨೨ಕ್ಕೆ ೨೮ರ ಟಯರು ಹಾಕಿದರೂ ೬೭೮ ಆಗುತ್ತದೆ. ಚಿಕ್ಕ ಚಕ್ರವೆಂದು ಹಣ ಕೊಟ್ಟು ದೊಡ್ಡ ಚಕ್ರವನ್ನೇ ತಂದಂತಾಯಿತು.

ಕ್ರ್ಯಾಂಕ್, ಎಂದರೆ ಪೆಡಲನ್ನು ಹೊತ್ತ ತೋಳು, ಬಹುಮಟ್ಟಿಗೆ ಯಾರೂ ವಿಚಾರಿಸದ ಅಳತೆ. ೧೭೦ ಮಿಲಿಮೀಟರು ಎಂಬುದು ಬಹುಕಾಲದ ರೂಢಿ. ಗಿಡ್ಡ ಕಾಲಿನವರು ಇದನ್ನು ತುಳಿಯುವಾಗ ಮೊಣಕಾಲು ಎದೆಗೆ ಬಂದು ಬಡಿಯುವಂತಾಗುತ್ತದೆ. ಅದನ್ನು ಒಂದು ಸೆಂಟಿಮೀಟರು ಗಿಡ್ಡ ಮಾಡಿದರೆ, ಸೀಟನ್ನು ಒಂದು ಸೆಂಟಿಮೀಟರು ಏರಿಸಬಹುದು. ಪೆಡಲು ಮೇಲಕ್ಕೆ ಬಂದಾಗ ತೊಡೆಗೆ ಸಿಗುವ ತೆರವು ಎರಡು ಸೆಂಟಿಮೀಟರು. ೧೬೫, ೧೬೦, ೧೫೫ರ ಕ್ರ್ಯಾಂಕುಗಳು ಈಗ ದೊರೆಯುತ್ತವೆ. ೨೦೨೪ರಲ್ಲಿ ಫ್ರಾನ್ಸಿನ ಮಹಾಸ್ಪರ್ಧೆಯನ್ನು ಗೆದ್ದ ತಾದೇಯ್ ಪೊಗಾಚಾರ್, ಗಿಡ್ಡನೇನೂ ಅಲ್ಲ, ೧೬೫ಕ್ಕೆ ಇಳಿದಿದ್ದ. ಅಷ್ಟೆತ್ತರದ ವೀರನೇ ಇಳಿದ ಮೇಲೆ ಐದಡಿಯವರು ೧೭೦ರ ಮೇಲೆ ನರಳುವುದು ಏತಕ್ಕೆ?

ಹ್ಯಾಂಡಲ್ಲಿನ ಅಗಲ ಭುಜದಷ್ಟಿರಬೇಕು: ೪೨ ಅಲ್ಲ, ೩೬ ಅಥವಾ ೩೮ ಸೆಂಟಿಮೀಟರು. ಗಾಳಿಯನ್ನೂ ಕಡಿಮೆ ತುಂಬಬೇಕು. ಭಾರದ ಆಳಿನ ಗಾಳಿಯನ್ನು ಹಗುರ ಆಳಿನ ಟಯರಿಗೆ ತುಂಬಿದರೆ ರಸ್ತೆಯ ಪ್ರತಿಯೊಂದು ಕಲ್ಲೂ ಬೆನ್ನುಮೂಳೆಗೆ ವರದಿ ಮಾಡುತ್ತದೆ. ಬ್ರೇಕಿನ ಮಾತನ್ನು ಮಾತ್ರ ಒತ್ತಿ ಹೇಳಬೇಕು, ಏಕೆಂದರೆ ಅದು ಪ್ರಾಣದ ಮಾತು. ಚಿಕ್ಕ ಕೈಗಳಿಗೆ ಬ್ರೇಕಿನ ಹಿಡಿ ದೂರವಾಗಿರುತ್ತದೆ. ಬೆರಳ ತುದಿಯಿಂದ ಎಳೆದರೆ ಬೇಕಾದಷ್ಟು ಬಲ ಬರುವುದಿಲ್ಲ. ಚಾಮುಂಡಿ ಬೆಟ್ಟದ ಇಳಿಜಾರಿನ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಇದರ ಅರ್ಥವಾಗುತ್ತದೆ. ಈಗಿನ ಹೆಚ್ಚಿನ ಹಿಡಿಗಳಲ್ಲಿ ಒಂದು ಸಣ್ಣ ತಿರುಪಿರುತ್ತದೆ. ಅದನ್ನು ತಿರುಗಿಸಿದರೆ ಹಿಡಿ ಬೆರಳಿನ ಹತ್ತಿರಕ್ಕೆ ಬರುತ್ತದೆ. ಎರಡು ನಿಮಿಷದ ಕೆಲಸ. ಅವಳ ಹಳೆಯ ಸೈಕಲ್ಲಿನಲ್ಲಿಯೂ ಆ ತಿರುಪಿತ್ತು. ನಾಲ್ಕು ವರ್ಷದಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ.

ಅಳತೆ ಕೊಟ್ಟು ಉಕ್ಕಿನ ಫ್ರೇಮು ಮಾಡಿಸುವ ಯೋಚನೆಯೂ ಬಂದಿತ್ತು. ಹಾಗೆ ಕೈಯಿಂದ ಬೆಸೆದುಕೊಡುವವರು ನಮ್ಮ ದೇಶದಲ್ಲಿಯೂ ಕೆಲವರಿದ್ದಾರೆ. ಐದಡಿಗಿಂತ ಬಹಳ ಕೆಳಗಿರುವವರಿಗೆ ಅದೇ ದಾರಿಯೆಂದು ನನ್ನ ಎಣಿಕೆ. ಆದರೆ ಅವಳ ಕೈಯಲ್ಲಿದ್ದ ಹಣ ಅಷ್ಟಕ್ಕೆ ಸಾಲದಾಯಿತು. ಕಾಯುವ ತಾಳ್ಮೆಯೂ ಇರಲಿಲ್ಲ. ಮೂರು ವಾರ ಪಟ್ಟಿಗಳನ್ನು ಹಿಡಿದು ಕುಳಿತೆವು. ಮೊದಲು ಒಪ್ಪಿದ ಸೈಕಲ್ಲು ಬಣ್ಣದಲ್ಲಿ ಬಲು ಚೆಲುವಾಗಿತ್ತು, ಹೆಂಗಸರಿಗೆಂದೇ ಮಾಡಿದ್ದೆಂದು ಬರೆದಿತ್ತು; ರೀಚ್ ನೋಡಿದರೆ ಹಳೆಯದಕ್ಕಿಂತ ನಾಲ್ಕೇ ಮಿಲಿಮೀಟರು ಕಡಿಮೆ. ಅದನ್ನು ಬಿಡುವಾಗ ಅವಳಿಗೆ ಸ್ವಲ್ಪ ಸಂಕಟವಾಯಿತು. ಕೊನೆಗೆ ಆರಿಸಿದ್ದು ಮಾಸಲು ಬೂದು ಬಣ್ಣದ, ೬೫೦ ಬಿ ಚಕ್ರದ ಒಂದು ಚಿಕ್ಕ ಫ್ರೇಮು; ರೀಚ್ ಇಪ್ಪತ್ತೆರಡು ಮಿಲಿಮೀಟರು ಕಡಿಮೆ. ಅದಕ್ಕೆ ೩೦ರ ತೆಳು ಟಯರು, ೧೬೦ರ ಕ್ರ್ಯಾಂಕ್, ೩೮ರ ಹ್ಯಾಂಡಲ್ ಹಾಕಿಸಿದಳು. ಬಿಡಿಭಾಗಗಳ ಬದಲಾವಣೆಗೆ ಅಂಗಡಿಯಲ್ಲಿ ಬೇರೆ ಹಣ ಕೇಳಿದರು. ಕೊಳ್ಳುವ ಮುಂಚೆಯೇ ಇದನ್ನು ಮಾತನಾಡಿಕೊಂಡರೆ ಚೌಕಾಶಿಗೆ ಎಡೆಯಿರುತ್ತದೆ, ಕೊಂಡ ಮೇಲೆ ಇರುವುದಿಲ್ಲ. ಹಳೆಯ ಸೈಕಲ್ಲಿನಿಂದ ಬಂದದ್ದು ಸೀಟು ಒಂದೇ. ಅದರ ಬಗ್ಗೆ ಅವಳಿಗೆ ಯಾವ ದೂರೂ ಇರಲಿಲ್ಲ.

ಮೂರನೆಯ ತಿಂಗಳು ೨೦೦ ಕಿಲೋಮೀಟರನ್ನು ಹನ್ನೆರಡು ಗಂಟೆ ಐವತ್ತು ನಿಮಿಷಗಳಲ್ಲಿ ಮುಗಿಸಿದಳು. ತೊಡೆ ನೋಯುತ್ತಿತ್ತಂತೆ, ಅದು ನೋಯಬೇಕಾದದ್ದೇ, ಬೆರಳುಗಳು ಸರಿಯಾಗಿದ್ದವು. ಈಗ ಮಡಿಕೇರಿಯ ದಾರಿಯ ಮೇಲೆ ಕಣ್ಣಿದೆ. ಮಡಿಚಿದ ಟಯರೊಂದು, ಟ್ಯೂಬು ಎರಡು ಸೀಟಿನ ಕೆಳಗಿನ ಚೀಲದಲ್ಲಿ ಸದಾ ಇರುತ್ತವೆ. ೫೮೪ರ ತೆಳು ಟಯರು ದಾರಿಯ ಊರುಗಳಲ್ಲಿ ಸಿಗುವುದಿಲ್ಲ.